ಎಡಗಡೆಯ ಮೈಕ್

ಎಲ್ಲರೂ ಹೇಳುವ ಕಥೆ ಚೆನ್ನಾಗಿದೆ. ಚೆನ್ನಾಗಿದೆ ಎನ್ನುವುದೇ ಅದರ ಮೇಲೆ ನನ್ನ ಮೊದಲ ತಕರಾರು.

ಪುತ್ತೂರಿನಲ್ಲಿ ನಮ್ಮ ಮಾಸ್ಟ್ರ ನುಡಿನಮನ ನಡೆದ ದಿನ ವೇದಿಕೆ ಹತ್ತಿದವರೆಲ್ಲ ಅದನ್ನೇ ಹೇಳಿದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನಮ್ಮ ಮಾಸ್ಟ್ರು ಮತ್ತು ಅದೇ ಶಾಲೆಯ ಪಿ.ಟಿ. ಮಾಸ್ಟ್ರು ಜೋಡಿಯಾಗಿ ಮೂರು ತಾಲೂಕಿನ ವಾಲಿಬಾಲ್, ಕಬಡ್ಡಿ ಪಂದ್ಯಗಳಿಗೆ ವೀಕ್ಷಕ ವಿವರಣೆ ಕೊಟ್ಟವರು. ಕೊನೆಗೆ ಮೊಬೈಲ್ ಗೇಮಿನ ಪಂದ್ಯಗಳು ಬಂದವು. ಅಷ್ಟರಲ್ಲಿ ಪಿ.ಟಿ. ಮಾಸ್ಟ್ರು ತೀರಿಹೋದರು. ನಮ್ಮ ಮಾಸ್ಟ್ರು ಒಬ್ಬರೇ ಮುಂದುವರಿಸಿದರು. ಆದರೆ ಪ್ರತಿ ಪಂದ್ಯದಲ್ಲೂ ತನ್ನ ಎಡಗಡೆ ಒಂದು ಖಾಲಿ ಕುರ್ಚಿ, ಅದರ ಮುಂದೆ ಒಂದು ಮೈಕ್ ಇಡಿಸಿಕೊಂಡರು, ಅಗಲಿದ ಗೆಳೆಯನ ಗೌರವಕ್ಕೆ. ಇಷ್ಟು ಕಥೆ. ಸಭೆಯಲ್ಲಿ ಕಣ್ಣು ಒರೆಸಿಕೊಂಡವರೂ ಇದ್ದರು.

ಆ ಮೈಕ್ ಬಂದದ್ದು ಪಿ.ಟಿ. ಮಾಸ್ಟ್ರು ಸತ್ತ ಮೇಲೆ ಎನ್ನುವುದು ಸುಳ್ಳು. ಅವರು ಜಾಲ್ಸೂರಿನ ಮನೆಯಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾಗಲೇ ಅದು ಮೇಜಿನ ಮೇಲಿತ್ತು. ಇನ್ನೊಂದು, ಸಾಯುವ ಹೊತ್ತಿಗೆ ಇಬ್ಬರಿಗೂ ಮಾತಿರಲಿಲ್ಲ. ಇದು ವೇದಿಕೆಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಸತ್ತವರ ಬಗ್ಗೆ ಮಾತಾಡುವಾಗ ನಮ್ಮ ಊರಲ್ಲಿ ಗೊತ್ತಿದ್ದದ್ದನ್ನು ಮರೆಯುವುದೂ ಒಂದು ಮರ್ಯಾದೆ. ನನಗೆ ಆ ಮರ್ಯಾದೆ ಕಲಿಸಿದವರಿಲ್ಲ. ನನಗೆ ಚರ್ಚಾಸ್ಪರ್ಧೆ ಕಲಿಸಿದವರು ಈ ಮಾಸ್ಟ್ರೇ.

ಅವರಿಗೆ ಕೊನೆಯ ದಿನಗಳಲ್ಲಿ ಗೊತ್ತಾಗಬೇಕಾಗಿದ್ದದ್ದು ಒಂದೇ ವಿಷಯ. ಮಾತು ಬಿಟ್ಟ ಮೇಲೆ ಆ ಮನುಷ್ಯ ಒಮ್ಮೆಯಾದರೂ ತನ್ನ ವಿವರಣೆ ಕೇಳಿದ್ದನೋ ಇಲ್ಲವೋ. ಅದು ಗೊತ್ತಾಗದೆ ಹೋದರು.

ಮಾಸ್ಟ್ರ ಮನೆ ಬೆಟ್ಟಂಪಾಡಿ. ತೆಳ್ಳಗೆ ಉದ್ದಕ್ಕೆ ಇದ್ದರು. ಅಂಗಿಯ ಕಾಲರಿನೊಳಗೆ ಸದಾ ಒಂದು ಕರವಸ್ತ್ರ. ಕಡಬದ ವಾಲಿಬಾಲ್ ಕೋರ್ಟಿನಲ್ಲಿ ಜನ ಹುಚ್ಚೆದ್ದು ಕೂಗುತ್ತಿದ್ದರೂ ಇವರ ಬಾಯಿಂದ ವಾಕ್ಯ ಮಾತ್ರ ಇಸ್ತ್ರಿ ಹಾಕಿದ ಹಾಗೆ ಬರುತ್ತಿತ್ತು. "ಚೆಂಡು ಅಂಕಣದ ಎಡ ಮೂಲೆಗೆ ಇಳಿಯುತ್ತಿದೆ. ಅಲ್ಲಿ ಯಾರೂ ಇಲ್ಲ." ಇಷ್ಟು ಹೇಳಿ ಮೈಕನ್ನು ಬಾಯಿಂದ ಸ್ವಲ್ಪ ದೂರ ಹಿಡಿದು, ಕತ್ತನ್ನು ಎಡಕ್ಕೆ ವಾಲಿಸುತ್ತಿದ್ದರು. ಆಗ ಎಡಗಡೆಯಿಂದ ಪಿ.ಟಿ. ಮಾಸ್ಟ್ರ ತುಳು. "ಏರ್ಲಾ ಇಜ್ಜೆರ್. ಮಾತೆರ್ಲಾ ಫೋಟೊಗು ಉಂತುದೆರ್." ಯಾರೂ ಇಲ್ಲ, ಎಲ್ಲ ಫೋಟೊಕ್ಕೆ ನಿಂತಿದ್ದಾರೆ. ಸೋಲುತ್ತಿರುವ ತಂಡದವರೂ ನಗುತ್ತಿದ್ದರು. ಏನಾಯಿತು ಎಂದು ಹೇಳುವುದು ಇವರ ಕೆಲಸ, ಅದರ ಮರ್ಯಾದೆ ತೆಗೆಯುವುದು ಅವರ ಕೆಲಸ. ಅವರವರ ಪಾಲಿನಲ್ಲಿ ಇನ್ನೊಬ್ಬರು ಬಾಯಿ ಹಾಕಿದ್ದನ್ನು ನಾನು ಕೇಳಿಲ್ಲ.

ಮಾಸ್ಟ್ರು ಚರ್ಚೆ ಕಲಿಸುವ ರೀತಿಯೂ ಹಾಗೇ. ಬೆಳಿಗ್ಗೆ ಪರ ಮಾತಾಡಿದವಳು ಮಧ್ಯಾಹ್ನ ವಿರೋಧ ಮಾತಾಡಬೇಕು. ಎದುರಾಳಿಯ ಮುಖ ನೋಡದೆ ಉತ್ತರ ಕೊಟ್ಟರೆ ಬೈಗುಳ. ಒಮ್ಮೆ ಕಡಬದಲ್ಲಿ ಸ್ಪರ್ಧೆ. ಎದುರು ತಂಡದವರು ಕೊಲ್ಲಮೊಗ್ರಿನಿಂದ ಬರುವ ಜೀಪು ದಾರಿಯಲ್ಲಿ ಕೆಟ್ಟು ನಿಂತಿತು. ಸಂಘಟಕರು ನಮಗೇ ಬಹುಮಾನ ಅಂದರು. ನಾವು ಕುಣಿಯುವುದೊಂದು ಬಾಕಿ. ಮಾಸ್ಟ್ರು ಎದ್ದು, "ಅವರ ಸಮಯ ಮುಗಿಯಲಿ," ಅಂದರು. ಸಭೆಯಲ್ಲಿ ಎಲ್ಲರೂ ಖಾಲಿ ಮೇಜು ನೋಡುತ್ತಾ ಕೂತೆವು. ಕೊನೆಗೆ ನನ್ನ ಕಡೆ ತಿರುಗಿ, "ಈಗ ಅವರು ಹೇಳಿದ್ದಕ್ಕೆ ಉತ್ತರ ಕೊಡು."

"ಅವರು ಎಂತ ಹೇಳ್ಲೇ ಇಲ್ಲವಲ್ಲ ಸರ್."

"ನಿನಗೆ ಕೇಳ್ಲಿಲ್ಲ. ಅಷ್ಟೆ."

ಆಗ ಇದು ನನಗೆ ಬರೀ ನಾಟಕ ಅನಿಸಿತ್ತು. ಈಗಲೂ ಅರ್ಧ ನಾಟಕವೇ ಅನಿಸುತ್ತದೆ.

ಇಬ್ಬರೂ ನಿವೃತ್ತರಾದ ಮೇಲೆ ಸುಳ್ಯದ ಕೆಲವು ಹುಡುಗರು, ಎಲ್ಲ ಇವರದ್ದೇ ಹಳೆ ವಿದ್ಯಾರ್ಥಿಗಳು, ಮೊಬೈಲ್ ಗೇಮಿನ ಪಂದ್ಯಾಟ ಇಟ್ಟರು. ನಾಲ್ಕು ಜನರ ತಂಡಗಳು. ಎಲ್ಲರನ್ನೂ ಒಂದು ದ್ವೀಪಕ್ಕೆ ಇಳಿಸುವುದು. ಒಬ್ಬರನ್ನೊಬ್ಬರು ಹುಡುಕಿ ಹೊಡೆಯುವುದು. ಸುತ್ತಲಿನ ವೃತ್ತ ಕಿರಿದಾಗುತ್ತಾ ಬರುತ್ತದೆ, ಕೊನೆಗೆ ಉಳಿದವರು ಗೆದ್ದ ಹಾಗೆ. ಹುಡುಗರಿಗೆ ಜೋಡಿಯ ವಿವರಣೆ ಬೇಕಿತ್ತು. ಸುಳ್ಯದ ಹೋಟೆಲೊಂದರಲ್ಲಿ ಗೋಳಿಬಜೆ ತರಿಸಿ ಇಬ್ಬರನ್ನೂ ಕೂರಿಸಿ ಕೇಳಿದರು. ಅಲ್ಲಿದ್ದ ಹುಡುಗನೊಬ್ಬ ಆ ಮಾತುಕತೆಯನ್ನು ನನಗೆ ಒಪ್ಪಿಸಿದ್ದಾನೆ.

ಪಿ.ಟಿ. ಮಾಸ್ಟ್ರು, "ಬೆವರು ಇಲ್ಲದ ಆಟಕ್ಕೆ ಎಂತ ಮೈಕ್ ಮಾಸ್ಟ್ರೆ? ಇವರು ಕೂತಲ್ಲಿಂದ ಏಳುದಿಲ್ಲ," ಅಂದರಂತೆ.

"ತಾಳಮದ್ದಳೆಯಲ್ಲಿ ಅರ್ಥ ಹೇಳುವವರು ಏಳ್ತಾರಾ? ವೇಷ ಇಲ್ಲ, ಕುಣಿತ ಇಲ್ಲ. ಊರಿಡೀ ಕೂತು ಕೇಳ್ತದೆ."

"ಅಲ್ಲಿ ಅರ್ಥಧಾರಿಯ ಮುಖ ಕಾಣ್ತದೆ. ಇವರು ತಲೆ ತಗ್ಗಿಸಿ ಕೂತದ್ದು ನೋಡಿದ್ರೆ ಸಾವಿನ ಮನೆಗೆ ಬಂದವರ ಹಾಗೆ ಕಾಣ್ತದೆ."

"ವಾಲಿಬಾಲ್ ಆಡುದು ಹನ್ನೆರಡು ಜನ ಮಾರಾಯ. ಉಳಿದವರೆಲ್ಲ ನೋಡ್ಲಿಕ್ಕೆ ಬಂದವರು. ನಾವಿಬ್ರು ಯಾವತ್ತೂ ನೋಡುವವರ ಕಡೆಯವರು."

ಆಗ ಪಿ.ಟಿ. ಮಾಸ್ಟ್ರು ಕೈ ತೊಳೆದು ಬಂದು, "ನೀವು ನೋಡುವವರ ಕಡೆ. ನಾನು ಇವರನ್ನು ಬೆಳಿಗ್ಗೆ ಎಬ್ಬಿಸಿ ಓಡಿಸಿದವ. ನನ್ನ ಕೋರ್ಟಿನಲ್ಲಿ ಈಗ ಹುಲ್ಲು ಬಂದಿದೆ, ಅದನ್ನು ವಿವರಣೆ ಮಾಡಿ," ಎಂದು ಹೇಳಿ ಹೊರಟರಂತೆ. ಆಮೇಲೆ ಅವರಿಬ್ಬರೂ ಮಾತಾಡಲಿಲ್ಲ. ಎದುರು ಸಿಕ್ಕರೆ ರಸ್ತೆ ದಾಟುತ್ತಿದ್ದರು.

ಪಿ.ಟಿ. ಮಾಸ್ಟ್ರ ವಾದ ದುರ್ಬಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅದು ನನ್ನ ವಾದವೂ ಆಗಿತ್ತು. ಆಡುವವರಿಗೆ ಗಮ್ಮತ್ತು ಇರಬಹುದು. ಇನ್ನೊಬ್ಬ ಹೆಬ್ಬೆರಳು ಆಡಿಸುವುದನ್ನು ನೋಡಲಿಕ್ಕೆ ಬಸ್ಸು ಹತ್ತಿ ಬರುವುದು ಯಾಕೆ? ಕಾಲೇಜಿನ ಚರ್ಚೆಯೊಂದರಲ್ಲಿ ಇದನ್ನೇ ಹೇಳಿ ಗೆದ್ದೆ. ಮಾಸ್ಟ್ರು ಹಿಂದಿನ ಸಾಲಿನಲ್ಲಿದ್ದರು.

"ಗೆದ್ದಿ," ಅಂದರು ಹೊರಗೆ ಬಂದು. "ನೋಡಿದ್ದೀಯಾ?"

"ಎಂತ ಸರ್?"

"ಆಟ."

"ಇಲ್ಲ."

"ನೋಡದೆ ಗೆದ್ದಿ. ನಿನಗೆ ಕಲಿಸಿದ ಮಾಸ್ಟ್ರು ಯಾರೋ, ದೊಡ್ಡ ಜನ."

ಮುಂದಿನ ಭಾನುವಾರ ಹೋದೆ. ಸುಳ್ಯದ ಮದುವೆ ಹಾಲ್. ಮದುಮಕ್ಕಳು ಕೂರುವಲ್ಲಿ ದೊಡ್ಡ ಪರದೆ, ಅದರ ಕೆಳಗೆ ಕಿವಿಗೆ ಹೆಡ್‌ಫೋನ್ ಹಾಕಿ ತಲೆ ತಗ್ಗಿಸಿ ಕೂತ ಹುಡುಗರು. ಬದಿಯ ಮೇಜಿನಲ್ಲಿ ಮಾಸ್ಟ್ರು. ಅವರ ಎಡಗಡೆ ಖಾಲಿ ಕುರ್ಚಿ, ಸ್ಟ್ಯಾಂಡಿನ ಮೇಲೆ ಎರಡನೇ ಮೈಕ್, ಅದರ ಕೆಂಪು ದೀಪ ಉರಿಯುತ್ತಿತ್ತು. ಆಗ ಪಿ.ಟಿ. ಮಾಸ್ಟ್ರು ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿ, ಜೀವಂತ. ಪಂದ್ಯವನ್ನು ಇಂಟರ್ನೆಟ್ಟಿನಲ್ಲಿ ಲೈವ್ ಬಿಡುತ್ತಿದ್ದ ಹುಡುಗ ಬಂದು, "ಸರ್, ಆ ಮೈಕಿಂದ ಫ್ಯಾನಿನ ಸೌಂಡ್ ಬರ್ತಾ ಉಂಟು, ಆಫ್ ಮಾಡ್ಲಾ?" ಅಂದ. ಮಾಸ್ಟ್ರು ಬೇಡ ಅಂದರು. "ಅವನು ಬಂದಾಗ ಸ್ವಿಚ್ ಹುಡುಕಿಕೊಂಡು ಕೂರ್ಲಿಕ್ಕಾಗ್ತದಾ?"

ನನ್ನ ಪಕ್ಕ ಒಬ್ಬ ರಿಕ್ಷಾದವರು ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ನಿಮ್ಮ ಮಗ ಆಡ್ತಿದ್ದಾನಾ?" ಕೇಳಿದೆ.

"ಇಲ್ಲಪ್ಪ, ಇದರಲ್ಲಿ ನಮ್ಮವರು ಯಾರೂ ಇಲ್ಲ. ಬಾಡಿಗೆಗೆ ಬಂದದ್ದು, ಜನ ಇಳಿಸಿ ಒಳಗೆ ಇಣುಕಿದೆ. ಈಗ ಹೋಗ್ಲಿಕ್ಕೆ ಮನಸ್ಸು ಬರ್ತಿಲ್ಲ. ನೋಡಿ ನೋಡಿ, ಆ ಗೋಡೆ ಹಿಂದೆ ಒಬ್ಬ ಇದ್ದಾನೆ. ಇವನಿಗೆ ಗೊತ್ತಿಲ್ಲ."

ಅದೇ. ವಾಲಿಬಾಲಿನಲ್ಲಿ ಆಡುವವನಿಗೆ ಕಂಡದ್ದೇ ನನಗೂ ಕಾಣುತ್ತದೆ. ಇಲ್ಲಿ ಪರದೆಯ ಮೇಲೆ ನನಗೆ ಇಡೀ ದ್ವೀಪ ಕಾಣುತ್ತದೆ. ಯಾರು ಎಲ್ಲಿ ಅಡಗಿದ್ದಾರೆ, ಯಾವ ಬಾಗಿಲು ತೆರೆದರೆ ಯಾರು ಸಾಯುತ್ತಾರೆ, ಎಲ್ಲ ಗೊತ್ತು. ಬಾಗಿಲಿನ ಕಡೆ ನಡೆಯುತ್ತಿರುವವನಿಗೆ ಮಾತ್ರ ಗೊತ್ತಿಲ್ಲ, ಕೂಗಿ ಹೇಳಿದರೆ ಅವನಿಗೆ ಕೇಳುವುದಿಲ್ಲ. ಹಾಲ್ ತುಂಬ ಜನ ಉಸಿರು ಬಿಗಿಹಿಡಿದು ಅವನು ಬಾಗಿಲಿಗೆ ಕೈ ಹಾಕುವುದನ್ನು ನೋಡಿದೆವು. ಮಾಸ್ಟ್ರು ದನಿ ಏರಿಸದೆ, "ಅವನು ಬಾಗಿಲ ಬಳಿ ಬಂದ," ಅಂದರು. ಮೈಕ್ ದೂರ ಮಾಡಿದರು. ಕತ್ತು ಎಡಕ್ಕೆ ವಾಲಿತು. ಆ ಕಡೆಯಿಂದ ಫ್ಯಾನಿನ ಸದ್ದು ಬಂತು. ನನ್ನ ಕೈಯ ರೋಮ ಎದ್ದು ನಿಂತದ್ದು ಬಾಗಿಲಿಗಾಗಿಯೋ ಆ ಕುರ್ಚಿಗಾಗಿಯೋ ಹೇಳಲಾರೆ.

ಅದನ್ನು ಕ್ರೀಡೆ ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ನೋಡಲಿಕ್ಕೆ ಯಾಕೆ ಬರುತ್ತಾರೆ ಎಂಬ ಪ್ರಶ್ನೆಯನ್ನು ಆಮೇಲೆ ಕೇಳಲಿಲ್ಲ. ನಾನೇ ಹೋಗುತ್ತಿದ್ದೆನಲ್ಲ.

ಪಿ.ಟಿ. ಮಾಸ್ಟ್ರು ಹಠಾತ್ತನೆ ಹೋದರು, ಬೆಳಗಿನ ವಾಕಿಂಗ್ ಮುಗಿಸಿ ಬಂದು ಬೂಟಿನ ಲೇಸು ಬಿಚ್ಚುವಾಗ. ಅವರ ಬೊಜ್ಜದ ದಿನ, ಸತ್ತವರಿಗೆ ಕೊನೆಯದಾಗಿ ಬಡಿಸಿ ಎಲ್ಲರೂ ಉಣ್ಣುವ ದಿನ, ನಾನೂ ಮಾಸ್ಟ್ರೂ ಪುತ್ತೂರಿನಿಂದ ಬಸ್ಸಿನಲ್ಲಿ ಜಾಲ್ಸೂರಿಗೆ ಹೋದೆವು. ಸತ್ತವರ ಎಲೆಗೆ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತೆವು, ಅವರು ಬಂದು ಉಂಡು ಹೋಗಲಿ ಎಂದು. ಮಾಸ್ಟ್ರು ಆ ಮುಚ್ಚಿದ ಬಾಗಿಲನ್ನೇ ನೋಡುತ್ತಾ ನಿಂತಿದ್ದರು.

ಊಟವಾದ ಮೇಲೆ ಪಿ.ಟಿ. ಮಾಸ್ಟ್ರ ಹೆಂಡತಿಯ ಹತ್ತಿರ ಹೋದರು. ಅವರೂ ಶಾಲೆಯಲ್ಲಿ ಕಲಿಸಿದವರು, ಎಲ್ಲರಿಗೂ ಟೀಚರ್. ಜಗಲಿಯಲ್ಲಿ ವೀಳ್ಯದ ತಟ್ಟೆ ಜೋಡಿಸುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ.

"ಟೀಚರ್, ಒಂದು ಕೇಳ್ತೇನೆ. ಅವನು ನನ್ನ ವಿವರಣೆ ಒಮ್ಮೆಯಾದ್ರೂ ಕೇಳಿದ್ದುಂಟಾ? ಈ ಮೊಬೈಲಿನ ಆಟದ್ದು?"

ಟೀಚರ್ ಒಂದು ಎಲೆ ಎತ್ತಿ ತೊಟ್ಟು ಮುರಿದರು. "ಇಲ್ಲ ಮಾಸ್ಟ್ರೆ."

"ಒಮ್ಮೆಯೂ?"

"ಇಲ್ಲ."

ಮಾಸ್ಟ್ರು ತಲೆಯಾಡಿಸಿದರು. ವಾಪಸು ಬರುವಾಗ ಜಾಲ್ಸೂರಿನ ಸ್ಟ್ಯಾಂಡಿನಲ್ಲಿ, ಪುತ್ತೂರಿನ ಬಸ್ಸು ಬಿಟ್ಟು, ಬೇರೆ ದಿಕ್ಕಿನಲ್ಲಿ ಕಾಸರಗೋಡಿಗೆ ಹೋಗುವ ಬಸ್ಸಿಗೆ ಕೈ ತೋರಿಸಿದರು. ಅದು ನಿಂತಿತು. ನಾನು ತೋಳು ಹಿಡಿದು ಎಳೆಯದಿದ್ದರೆ ಹತ್ತಿಯೇಬಿಡುತ್ತಿದ್ದರು. ಕಂಡಕ್ಟರ್ ಮಲಯಾಳದಲ್ಲಿ ಏನೋ ಬೈದ. ಮಾಸ್ಟ್ರು ಅವನಿಗೆ ನಮಸ್ಕಾರ ಮಾಡಿದರು.

ಆಮೇಲೆ ಇನ್ನಾದರೂ ಆ ಮೈಕ್ ತೆಗೆಯುತ್ತಾರೆ ಎಂದು ಹುಡುಗರು ಅಂದುಕೊಂಡರು. ತೆಗೆಯಲಿಲ್ಲ. ನುಡಿನಮನದ ಕಥೆ ಹುಟ್ಟಿದ್ದು ಆಗ. ಬದುಕಿದ್ದವನನ್ನು ಕರೆಯಲಿಕ್ಕೆ ಇಟ್ಟ ಮೈಕ್, ಅವನು ಸತ್ತ ಮಾತ್ರಕ್ಕೆ ಹೂವಿನ ಹಾರ ಆಯಿತು. ಆದರೆ ಮಾಸ್ಟ್ರು ಮಾತಿನ ನಡುವೆ ಎಡದ ಮೈಕಿಗೆ ಬಿಡುವ ಜಾಗ ನೋಡಿದರೆ ಅದು ಹಾರ ಅಲ್ಲ ಅಂತ ಗೊತ್ತಾಗುತ್ತಿತ್ತು. ಮೊದಲು ಒಂದು ವಾಕ್ಯದಷ್ಟು ಸುಮ್ಮನಿರುತ್ತಿದ್ದವರು ಈಗ ಎರಡು ಮೂರು ವಾಕ್ಯದಷ್ಟು ಸುಮ್ಮನಿರತೊಡಗಿದರು. ಪರದೆಯ ಮೇಲೆ ಗುಂಡು ಹಾರುತ್ತಿದ್ದರೂ ಇಲ್ಲಿ ಮಾತಿಲ್ಲ. ಲೈವ್ ನೋಡುವವರು ಕೆಳಗೆ ಬರೆಯುತ್ತಿದ್ದರು: ಸೌಂಡ್ ಹೋಯ್ತಾ? ಎಡದ ಮೈಕಲ್ಲಿ ಉಸಿರಾಡುವುದು ಯಾರು? ಫ್ಯಾನು, ಅದು ಫ್ಯಾನು ಎಂದು ನಾನೇ ಬೇರೆ ಹೆಸರಿನಲ್ಲಿ ಉತ್ತರ ಬರೆದಿದ್ದೇನೆ. ಬರೆದು ಮತ್ತೆ ಕೇಳಿದರೆ ನನಗೂ ಅನುಮಾನ.

ಹುಡುಗರಲ್ಲಿ ಗುಸುಗುಸು ಶುರುವಾಯಿತು. ಮಾಸ್ಟ್ರಿಗೆ ಮರೆವು ಬಂದಿದೆ, ಬೇರೆಯವರನ್ನು ನೋಡುವ ಎಂದು. ಒಂದು ಮಧ್ಯಾಹ್ನ ಅದನ್ನು ಹೇಳಿಬಿಡಬೇಕು ಎಂದು ನನ್ನನ್ನು ಮುಂದೆ ಮಾಡಿದರು. ನಾನು ಹೋದಾಗ ಮಾಸ್ಟ್ರು, ಆಗಷ್ಟೇ ಆಟದಲ್ಲಿ ಸತ್ತು ಎದ್ದು ಬಂದ ಹುಡುಗನೊಬ್ಬನನ್ನು ಮೇಜಿನ ಹತ್ತಿರ ನಿಲ್ಲಿಸಿಕೊಂಡಿದ್ದರು.

"ಸತ್ತ ಮೇಲೆ ನಿನಗೆ ಎಂತ ಕಾಣ್ತದೆ?"

"ನಮ್ಮ ಟೀಮಲ್ಲಿ ಬದುಕಿದವ ಕಾಣ್ತಾನೆ ಸರ್. ಅವನ ಬೆನ್ನು. ಅವ ಹೋದಲ್ಲಿಗೆಲ್ಲ ನಾನೂ ಹೋಗುದು."

"ಮಾತಾಡಿದ್ರೆ ಅವನಿಗೆ ಕೇಳ್ತದಾ?"

"ಒಂದೇ ಟೀಮಾದ್ರೆ ಕೇಳ್ತದೆ ಸರ್. ಎದುರು ಟೀಮಾದ್ರೆ ಇಲ್ಲ."

ಹುಡುಗ ಹೋದ. ಮಾಸ್ಟ್ರು ಕಾಲರಿನ ಕರವಸ್ತ್ರ ತೆಗೆದು ಮಡಚಿ ಮತ್ತೆ ಇಟ್ಟರು. "ಕೇಳಿದೆಯಲ್ಲ," ಅಂದರು ನನಗೆ. "ಅವನು ಯಾವ ಟೀಮಲ್ಲಿ ಸತ್ತ ಅಂತ ಗೊತ್ತಾದ್ರೆ ನಾನು ಮೈಕ್ ತೆಗೆಸ್ತೇನೆ. ನಿನ್ನನ್ನು ಅದಕ್ಕೇ ಕಳಿಸಿದ್ದಲ್ವಾ ಅವರು?"

ನಾನು ಹುಡುಗರ ಹತ್ತಿರ ಹೋಗಿ, ಇನ್ನು ಸ್ವಲ್ಪ ದಿನ ಇರಲಿ ಅಂದೆ. ಮಾಸ್ಟ್ರಿಗೂ ಆಮೇಲೆ ಹೆಚ್ಚು ದಿನ ಇರಲಿಲ್ಲ. ಬೆಟ್ಟಂಪಾಡಿಯಲ್ಲಿ, ಜ್ವರ ಎಂದು ಮಲಗಿದವರು ಏಳಲಿಲ್ಲ.

ನುಡಿನಮನದಲ್ಲಿ ಆ ಚಂದದ ಕಥೆ ಕೇಳಿ ಕೇಳಿ ನನಗೆ ಸಿಟ್ಟು ಬಂತು. ಇದನ್ನು ಸರಿಯಾಗಿ ಬರೆಯಬೇಕು, ಇಬ್ಬರಿಗೂ ಮಾತಿರಲಿಲ್ಲ, ಆ ಮನುಷ್ಯ ಕೊನೆಯವರೆಗೂ ಕೇಳಲಿಲ್ಲ ಎಂದು ಟೀಚರ್ ಬಾಯಿಂದಲೇ ಇನ್ನೊಮ್ಮೆ ಹೇಳಿಸಿ ಬರೆಯಬೇಕು ಎಂದು ಹೋದ ವಾರ ಜಾಲ್ಸೂರಿಗೆ ಹೋದೆ.

ಟೀಚರ್ ಹಿಂದಿನ ಚಾವಡಿಯಲ್ಲಿ ಕೂರಿಸಿ ಚಾ ಕೊಟ್ಟರು. ನಾನು ಬಂದ ವಿಷಯ ಹೇಳಿದೆ. ಅವರು ಗೋಡೆಯ ಹತ್ತಿರದ ಉಪ್ಪಿನಕಾಯಿ ಭರಣಿಯ ಕಡೆ ನೋಡಿದರು.

"ಅಲ್ಲಿ ಒರಗಿಸಿ ಇಡ್ತಿದ್ರು ಫೋನು," ಅಂದರು.

"ಯಾರು?"

"ಯಾರು ಅಂದ್ರೆ? ಇವರು. ಭಾನುವಾರ ಊಟ ಮಾಡಿ ಇಲ್ಲೇ ಕೂರುದು. ಮಾಸ್ಟ್ರು ಮಾತಾಡುದು, ನಿಲ್ಸುದು. ಅವರು ನಿಲ್ಸಿದಲ್ಲಿ ಇವರು ತುಳುವಿನಲ್ಲಿ ಹೇಳುದು. ಒಬ್ರೇ ಹೇಳಿ ಒಬ್ರೇ ನಗುದು. ನಾನು ಒಳಗಿಂದ ಕೇಳ್ತಿದ್ದೆ."

ಚಾದ ಲೋಟ ಕೆಳಗಿಟ್ಟೆ. ನನಗೆ ನಂಬಿಕೆ ಬರಲಿಲ್ಲ. ದುಃಖದಲ್ಲಿರುವವರು ಹೀಗೆ ಒಳ್ಳೆಯ ನೆನಪು ಕಟ್ಟಿಕೊಳ್ಳುವುದುಂಟು. ಎಂತ ಹೇಳುತ್ತಿದ್ದರು, ಒಂದು ಹೇಳಿ ಎಂದು ಪಟ್ಟುಹಿಡಿದೆ. ಎಷ್ಟೋ ಉಂಟು, ಹೇಗೆ ನೆನಪಾಗ್ತದೆ ಅಂದರು. ನಾನು ನನ್ನ ಫೋನಿನಲ್ಲಿ ಹಳೆಯ ಪಂದ್ಯವೊಂದರ ರೆಕಾರ್ಡಿಂಗ್ ಹಾಕಿದೆ, ಪಿ.ಟಿ. ಮಾಸ್ಟ್ರು ಬದುಕಿದ್ದಾಗಿನದ್ದು. ಟೀಚರ್ ಪರದೆ ನೋಡಲಿಲ್ಲ. ಮೊರದಲ್ಲಿದ್ದ ಅಕ್ಕಿ ಆರಿಸುತ್ತಾ ಕೂತರು.

ಮಾಸ್ಟ್ರ ದನಿ ಬಂತು. "ಒಬ್ಬನು ಮನೆಯೊಳಗೆ ಬಾಗಿಲು ಹಾಕಿಕೊಂಡು ಕುಳಿತಿದ್ದಾನೆ. ಹೊರಗೆ ವೃತ್ತ ಕಿರಿದಾಗುತ್ತಾ ಬರುತ್ತಿದೆ."

ದನಿ ನಿಂತಿತು. ಫ್ಯಾನಿನ ಸದ್ದು.

ಟೀಚರ್ ತಲೆ ಎತ್ತದೆ, ಆದರೆ ದನಿ ದಪ್ಪ ಮಾಡಿ ಅಂದರು. "ಪಿದಯಿ ಬಲ ಮಾರಾಯ, ಉಲಯಿ ದಾನೆ ಮಲ್ಪುವ?" ಹೊರಗೆ ಬಾ ಮಾರಾಯ, ಒಳಗೆ ಎಂತ ಮಾಡ್ತಿ?

"ಹೌದು," ಅಂದರು ಫೋನಿನೊಳಗಿನ ಮಾಸ್ಟ್ರು. "ಆದರೆ ಅವನು ಬರುವಂತೆ ಕಾಣುವುದಿಲ್ಲ."

ಆದರೂ ಇದು ಸಾಕ್ಷಿ ಆಗುವುದಿಲ್ಲ ಎಂದು ತಲೆ ಹೇಳಿತು. ಟೀಚರ್ ಆಮೇಲೆ ಒಬ್ಬರೇ ಈ ರೆಕಾರ್ಡಿಂಗ್ ಕೇಳಿ ಕೇಳಿ ಮಾತು ಹೊಂದಿಸಿರಬಹುದು. ನಾನು ಇನ್ನೊಂದು ಪಂದ್ಯ ಹಾಕಿದೆ, ಮಧ್ಯದಿಂದ. ಮಾಸ್ಟ್ರು ನಿಲ್ಲಿಸಿದರು. ಟೀಚರ್ ಹೇಳಿದರು. ಮಾಸ್ಟ್ರು ಮುಂದುವರಿಸಿದರು. ಮತ್ತೊಂದು ಹಾಕಿದೆ. ಅಲ್ಲೊಂದು ಕಡೆ ಟೀಚರ್ ಹೇಳಿದ ಮಾತಿಗೆ ನನಗೇ ನಗು ಬಂತು. ಆ ನಗು ತರಿಸಿದ್ದು ಟೀಚರ್ ಅಲ್ಲ, ಪಿ.ಟಿ. ಮಾಸ್ಟ್ರು. ನಾನು ಅದನ್ನು ಕಡಬದ ಕೋರ್ಟಿನ ಬದಿಯಲ್ಲಿ ಎಷ್ಟೋ ಸಲ ನಕ್ಕಿದ್ದೆ.

ಫೋನ್ ಆಫ್ ಮಾಡಿದೆ. ಅವತ್ತು ಮಾಸ್ಟ್ರು ಹತ್ತಲು ಹೊರಟಿದ್ದ ಕಾಸರಗೋಡಿನ ಬಸ್ಸು ರಸ್ತೆಯಲ್ಲಿ ಹಾರ್ನ್ ಹಾಕಿಕೊಂಡು ಹೋಯಿತು. ಟೀಚರ್ ಮೊರವನ್ನು ಒಮ್ಮೆ ಕೊಡವಿ, ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದರು.

"ಟೀಚರ್," ಅಂದೆ, "ಇಷ್ಟೆಲ್ಲ ಕೇಳಿದ್ದ ನೀವು ಬೊಜ್ಜದ ದಿನ ಮಾಸ್ಟ್ರು ಬಂದು ಕೇಳಿದಾಗ ಇಲ್ಲ ಅಂದದ್ದು ಯಾಕೆ?"

"ಹೌದು ಅಂದಿದ್ರೆ ಮಾಸ್ಟ್ರು ಆ ಮೈಕ್ ತೆಗೆಸ್ತಿದ್ರು," ಅಂದರು ಟೀಚರ್, "ಮತ್ತೆ ಇವರು ಎಲ್ಲಿ ಮಾತಾಡುದು?"